ಸಂಘದ ಹಾಲ್‌ನಲ್ಲಿ ಒಂದು ಕಪಾಟು ಕೊಡಿ

ಮುಂಬಯಿ, ಥಾಣೆ, ನವಿಮುಂಬಯಿಯ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಎಲ್ಲ ಸದಸ್ಯರಿಗೆ ನಮಸ್ಕಾರ.

ನಾನು ಪ್ರೊಫೆಸರ್ ಅಲ್ಲ. ಮುಂಬಯಿಯ ಒಂದು ಜೂನಿಯರ್ ಕಾಲೇಜಿನ ಫಿಸಿಕ್ಸ್ ಲ್ಯಾಬ್‌ನಲ್ಲಿ ಮೊದಲು ಅಟೆಂಡೆಂಟ್ ಆಗಿ, ಆಮೇಲೆ ಅಸಿಸ್ಟೆಂಟ್ ಆಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಬೆಳಿಗ್ಗೆ ಕಪಾಟಿನ ಬೀಗ ತೆಗೆದು ಬ್ಯಾಚಿಗೆ ಬೇಕಾದ ಅಪರೇಟಸ್ ಹೊರಗಿಡುವುದು, ಸಂಜೆ ಎಣಿಸಿ ಒಳಗಿಡುವುದು, ಮುರಿದದ್ದನ್ನು ರಿಪೇರಿ ಮಾಡುವುದು. ಇದೇ ನನ್ನ ಕೆಲಸವಾಗಿತ್ತು. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು ಫಿಸಿಕ್ಸ್ ಕಲಿಯುವುದನ್ನು ಒಂದು ಮೇಜಿನಷ್ಟು ದೂರದಿಂದ ನೋಡಿದ್ದೇನೆ. ಕೊನೆಯ ಕೆಲವು ವರ್ಷ ಅವರು ಕಲಿಯದೇ ದಾಟಿ ಹೋಗುವುದನ್ನೂ ನೋಡಿದೆ. ಮನಸ್ಸಿಗೆ ತುಂಬಾ ನೋವಾಗಿದೆ. ಸಂಘದ ಹಾಲ್‌ನಲ್ಲಿ ಮಕ್ಕಳು ಕೈಯಾರೆ ಪ್ರಯೋಗ ಮಾಡಲು ಒಂದು ಕಪಾಟು ಕೇಳುವುದಕ್ಕೇ ಈ ಪತ್ರ.

ನಾನು ನಿವೃತ್ತನಾಗುವ ವರ್ಷದ ಹನ್ನೆರಡನೇ ತರಗತಿಯ ಪ್ರಾಕ್ಟಿಕಲ್ ಪರೀಕ್ಷೆ. ಒಬ್ಬ ಹುಡುಗಿಗೆ ಮೀಟರ್ ಬ್ರಿಜ್ ಬಂದಿತ್ತು. ನೋಡದವರಿಗಾಗಿ ಹೇಳುತ್ತೇನೆ: ಒಂದು ಹಲಗೆ, ಅದರ ಮೇಲೆ ಸರಿಯಾಗಿ ಒಂದು ಮೀಟರ್ ಉದ್ದದ ತಂತಿ, ಪಕ್ಕದಲ್ಲಿ ಅಳತೆ ಪಟ್ಟಿ. ಒಂದು ಕಡೆ ನಾವು ಕಂಡುಹಿಡಿಯಬೇಕಾದ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ), ಇನ್ನೊಂದು ಕಡೆ ಬೆಲೆ ಗೊತ್ತಿರುವ ರೆಸಿಸ್ಟೆನ್ಸ್. ಜಾಕಿ ಅನ್ನುವ ಹಿಡಿಕೆಯಿಂದ ತಂತಿಯನ್ನು ಅಲ್ಲಲ್ಲಿ ಮುಟ್ಟುತ್ತಾ ಹೋದರೆ, ಸಣ್ಣ ಕರೆಂಟನ್ನೂ ತೋರಿಸುವ ಗ್ಯಾಲ್ವನೋಮೀಟರ್‌ನ ಮುಳ್ಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ನಡುವೆ ಎಲ್ಲೋ ಒಂದು ಜಾಗದಲ್ಲಿ ಅಲ್ಲಾಡದೆ ಸೊನ್ನೆಯಲ್ಲಿ ನಿಲ್ಲುತ್ತದೆ. ಅದು ನಲ್ ಪಾಯಿಂಟ್. ಆ ಜಾಗ ಎಲ್ಲಿದೆ ಅಂತ ಅಳೆದು ಗೊತ್ತಿಲ್ಲದ ರೆಸಿಸ್ಟೆನ್ಸ್ ಲೆಕ್ಕ ಹಾಕುತ್ತೇವೆ.

ಆ ಹುಡುಗಿಯ ಜರ್ನಲ್, ಅಂದರೆ ವರ್ಷವಿಡೀ ಮಾಡಿದ ಪ್ರಯೋಗಗಳನ್ನು ಬರೆದಿಡುವ ಪುಸ್ತಕ, ಪೂರ್ತಿಯಾಗಿತ್ತು. ಮುತ್ತಿನಂಥ ಅಕ್ಷರ. ಪ್ರತಿ ಪುಟದಲ್ಲೂ ಕೆಂಪು ಪೆನ್ನಿನ ಸಹಿ. ಮೀಟರ್ ಬ್ರಿಜ್‌ನ ಪುಟದಲ್ಲಿ ರೀಡಿಂಗ್‌ಗಳೂ ಇದ್ದವು. ಆದರೆ ಮೇಜಿನ ಮುಂದೆ ನಿಂತವಳು ಜಾಕಿಯನ್ನು ಪೆನ್ಸಿಲ್ ಹಿಡಿದ ಹಾಗೆ ಹಿಡಿದು ತಂತಿಯ ಮೇಲೆ ಎಳೆಯುತ್ತಿದ್ದಳು. ಹಾಗೆ ಎಳೆಯಬಾರದು, ತಂತಿ ಸವೆಯುತ್ತದೆ. ಸವೆದ ತಂತಿ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಮುಂದಿನ ಬ್ಯಾಚಿನ ರೀಡಿಂಗ್ ಎಲ್ಲ ತಪ್ಪಾಗುತ್ತದೆ. ಒಂದೇ ಒಂದು ಸಲ ಆ ಪ್ರಯೋಗ ಮಾಡಿದ ಮಗುವಿಗೂ ಇದು ಗೊತ್ತಿರುತ್ತದೆ.

ಮುಳ್ಳು ಅಲ್ಲಾಡಲಿಲ್ಲ. ಸೆಲ್ಲಿನಿಂದ ಬರುವ ಕರೆಂಟಿನ ದಾರಿಯಲ್ಲಿದ್ದ ಕೀಯ ಪ್ಲಗ್ ಸಡಿಲ ಇತ್ತು. ಹೊರಗಿನಿಂದ ಬಂದ ಪರೀಕ್ಷಕರಾದ ಎಕ್ಸ್‌ಟರ್ನಲ್ ಸರ್ ಹತ್ತಿರ ಅನುಮತಿ ಕೇಳಿ ಅದನ್ನು ಸ್ವಲ್ಪ ತಿರುಗಿಸಿ ಒತ್ತಿದೆ. ಅವಳು ಮತ್ತೆ ಜಾಕಿ ಮುಟ್ಟಿಸಿದಳು. ಮುಳ್ಳು ಸರಕ್ಕನೆ ಬಲಕ್ಕೆ ಹೋಯಿತು. ಅವಳು ಬೆಚ್ಚಿ ಕೈ ತೆಗೆದಳು. ಮತ್ತೊಂದು ಕಡೆ ಮುಟ್ಟಿದಳು, ಎಡಕ್ಕೆ ಹೋಯಿತು. ಆಗ ನನ್ನ ಕಡೆ ತಿರುಗಿ, ಪರೀಕ್ಷೆ ಅನ್ನುವುದನ್ನೂ ಮರೆತು, ಮೆಲ್ಲಗೆ ಹೇಳಿದಳು: "ಮಾಮಾ, ಇದು ನಿಜವಾಗ್ಲೂ ಅಲ್ಲಾಡ್ತದೆ!"

ಹೇಳಿದ್ದು ಕನ್ನಡದಲ್ಲಿ. ಅವಳು ನಮ್ಮವಳೇ ಅಂತ ನನಗೆ ಗೊತ್ತಾದದ್ದು ಆವತ್ತೇ. ಎರಡು ವರ್ಷ ಅದೇ ಕಾಲೇಜಿನಲ್ಲಿ ಹೆಸರು ಇದ್ದ ಹುಡುಗಿ, ನಾನು ಅವಳ ಮುಖ ನೋಡಿರಲಿಲ್ಲ. ಕಣ್ಣು ಅರಳಿಸಿಕೊಂಡು ಆ ಮುಳ್ಳನ್ನು ನೋಡುತ್ತಿದ್ದಳಲ್ಲ, ಆ ಮುಖ ಈಗಲೂ ಕಣ್ಣ ಮುಂದಿದೆ. ಆ ಖುಷಿ ಅವಳಿಗೆ ಹನ್ನೊಂದನೇ ತರಗತಿಯ ಮೊದಲ ತಿಂಗಳಲ್ಲೇ ಸಿಗಬೇಕಿತ್ತು. ಸಿಕ್ಕಿದ್ದು ಫಿಸಿಕ್ಸ್ ಓದು ಮುಗಿಯುವ ದಿನ.

ಹೀಗೆ ಯಾಕೆ ಆಗುತ್ತದೆ ಅಂತ ಮಕ್ಕಳಿರುವ ಮನೆಗಳಿಗೆಲ್ಲ ಗೊತ್ತು. ಮಹಾರಾಷ್ಟ್ರ ಬೋರ್ಡಿನಲ್ಲಿ ಹನ್ನೆರಡನೇ ತರಗತಿಯ ಫಿಸಿಕ್ಸ್‌ಗೆ 100 ಅಂಕ. ಥಿಯರಿ 70, ಪ್ರಾಕ್ಟಿಕಲ್ 30. ಆದರೆ ಇಂಜಿನಿಯರಿಂಗ್ ಸೀಟು ಕೊಡುವುದು ಸಿಇಟಿ ಅನ್ನುವ ರಾಜ್ಯದ ಪ್ರವೇಶ ಪರೀಕ್ಷೆ. ಅದರಲ್ಲಿ ಫಿಸಿಕ್ಸ್ 50 ಪ್ರಶ್ನೆ, ಕೆಮಿಸ್ಟ್ರಿ 50 ಪ್ರಶ್ನೆ, ಎರಡಕ್ಕೂ ಸೇರಿ 90 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ. ಅಲ್ಲಿ ಯಾರೂ ಮೀಟರ್ ಬ್ರಿಜ್ ತಂದು ಎದುರಿಗೆ ಇಡುವುದಿಲ್ಲ. ಹಾಗಾಗಿ ತಂದೆತಾಯಿ ಲಕ್ಷಗಟ್ಟಲೆ ಫೀಸು ಕೊಟ್ಟು ಕೋಚಿಂಗ್ ಕ್ಲಾಸಿಗೆ ಸೇರಿಸುತ್ತಾರೆ. ಕ್ಲಾಸಿನವರು ತಮ್ಮ ಜೊತೆ ಟೈ-ಅಪ್, ಅಂದರೆ ಒಳ ಒಪ್ಪಂದ, ಇರುವ ಕಾಲೇಜಿನಲ್ಲಿ ಹೆಸರು ಬರೆಸುತ್ತಾರೆ. ಮಗು ಕಾಲೇಜಿಗೆ ಬರುವುದು ಜರ್ನಲ್‌ಗೆ ಸಹಿ ಹಾಕಿಸಲು. ರೀಡಿಂಗ್‌ಗಳು ಹಳೇ ಬ್ಯಾಚಿನ ಜರ್ನಲ್‌ನಿಂದ ಬರುತ್ತವೆ. ಒಂದೇ ತಪ್ಪು ರೀಡಿಂಗ್ ವರ್ಷದಿಂದ ವರ್ಷಕ್ಕೆ ನಕಲಾಗುತ್ತಾ ಹೋದದ್ದನ್ನು ನಾನೇ ನೋಡಿದ್ದೇನೆ. ಈ ಟೈ-ಅಪ್ ತಡೆಯಲೆಂದು 2018ರಲ್ಲಿ ಸರಕಾರ ವಿಜ್ಞಾನ ವಿಭಾಗದ ಮಕ್ಕಳಿಗೆ ಬಯೋಮೆಟ್ರಿಕ್ ಹಾಜರಿ ಕಡ್ಡಾಯ ಮಾಡಿತು. ನಮ್ಮ ಲ್ಯಾಬಿನ ಮೇಜುಗಳು ಆಮೇಲೂ ಖಾಲಿಯೇ ಇದ್ದವು.

ತಂದೆತಾಯಿಯನ್ನು ನಾನು ದೂರುವುದಿಲ್ಲ. ಮಗುವಿನ ಭವಿಷ್ಯ ಇಂಥ ಪರೀಕ್ಷೆಯ ಮೇಲೆ ನಿಂತಿರುವಾಗ ಯಾರು ತಾನೇ ರಿಸ್ಕ್ ತಗೊಳ್ಳುತ್ತಾರೆ? ಸರಕಾರಕ್ಕೂ, ಬೋರ್ಡಿಗೂ ಬರೆಯುವವರು ಬರೆಯಲಿ, ನಾನೂ ಸಹಿ ಹಾಕುತ್ತೇನೆ. ಆದರೆ ಅದೆಲ್ಲ ಸರಿಹೋಗುವವರೆಗೆ ಈಗ ಹನ್ನೊಂದನೇ ತರಗತಿಯಲ್ಲಿರುವ ಮಗು ಕಾಯುವುದಿಲ್ಲ. ಅದಕ್ಕೆ ನಿಮ್ಮ ಬಾಗಿಲಿಗೆ ಬಂದಿದ್ದೇನೆ.

ನಮ್ಮ ಮಕ್ಕಳಿಗೆ ಇನ್ನೊಂದು ಕಷ್ಟ ಇದೆ. ಈ ಊರಿನಲ್ಲಿ ಇನ್ನೂ ಉಳಿದಿರುವ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳಿಗೆ ಹತ್ತನೇ ತರಗತಿಯವರೆಗೆ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಸಿಗುತ್ತದೆ. ಗುರುತ್ವಾಕರ್ಷಣೆ, ಬೆಳಕಿನ ವಕ್ರೀಭವನ, ಮಸೂರ, ಎಲ್ಲ ಕನ್ನಡದಲ್ಲೇ ಓದಿರುತ್ತಾರೆ. ಚೆನ್ನಾಗಿಯೇ ಓದಿರುತ್ತಾರೆ. ಹನ್ನೊಂದಕ್ಕೆ ಕಾಲಿಟ್ಟರೆ ಎಲ್ಲ ಇಂಗ್ಲಿಷ್. ವಕ್ರೀಭವನ ಗೊತ್ತಿರುವ ಹುಡುಗ ರಿಫ್ರ್ಯಾಕ್ಷನ್ ಅಂದಾಗ ತಲೆ ತಗ್ಗಿಸುತ್ತಾನೆ. ವೇಗೋತ್ಕರ್ಷ ಬಿಡಿಸಿ ಹೇಳಬಲ್ಲವಳು ಆಕ್ಸಲರೇಷನ್ ಅಂದಾಗ ಸುಮ್ನೆ ಕೂರುತ್ತಾಳೆ. ಅದರ ಜೊತೆಗೆ ಎರಡನೇ ಪಾಠದಲ್ಲೇ ವೆಕ್ಟರ್, ಕ್ಯಾಲ್ಕುಲಸ್. ದೀಪಾವಳಿ ಹೊತ್ತಿಗೆ ಎಷ್ಟೋ ಮಕ್ಕಳು 'ಸೈನ್ಸ್ ನಮಗಲ್ಲ' ಅಂತ ತೀರ್ಮಾನಿಸಿರುತ್ತಾರೆ.

ಇಂಥ ಮಕ್ಕಳು ಲ್ಯಾಬಿಗೆ ಬಂದಾಗ ಏನಾಗುತ್ತಿತ್ತು ಅಂತ ನಾನು ಕಂಡಿದ್ದೇನೆ, ಲ್ಯಾಬಿಗೆ ಬರುತ್ತಿದ್ದ ಕಾಲದಲ್ಲಿ. ಗಾಜಿನ ಸ್ಲ್ಯಾಬ್ ಕಾಗದದ ಮೇಲಿಟ್ಟು, ಒಂದು ಕಡೆ ಎರಡು ಗುಂಡುಸೂಜಿ ಚುಚ್ಚಿ, ಇನ್ನೊಂದು ಕಡೆಯಿಂದ ಒಂದೇ ಕಣ್ಣಲ್ಲಿ ನೋಡಿ ಮತ್ತೆರಡು ಸೂಜಿ ಸಾಲಿಗೆ ತರುತ್ತಾರೆ. ಸ್ಲ್ಯಾಬ್ ಎತ್ತಿ ಗೆರೆ ಎಳೆದಾಗ ಬೆಳಕು ಬಾಗಿದ್ದು ಕಾಗದದ ಮೇಲೆ ಕಾಣುತ್ತದೆ. "ಇದೇ ನೋಡು ರಿಫ್ರ್ಯಾಕ್ಷನ್" ಅಂದರೆ ಸಾಕು. "ಓ, ವಕ್ರೀಭವನ!" ಅನ್ನುತ್ತಾರೆ. ಆಮೇಲೆ ಆ ಇಂಗ್ಲಿಷ್ ಪದಕ್ಕೆ ಅವರು ಹೆದರಿದ್ದನ್ನು ನಾನು ನೋಡಿಲ್ಲ.

ನನ್ನದೇ ಕಥೆ ಸ್ವಲ್ಪ ಹೇಳಬೇಕು. 1978ರಲ್ಲಿ ಹದಿಮೂರು ವರ್ಷದವನಾಗಿದ್ದಾಗ ಉಡುಪಿ ಕಡೆಯಿಂದ ಮುಂಬಯಿಗೆ ಬಂದೆ. ಫೋರ್ಟ್‌ನ ಒಂದು ಕ್ಯಾಂಟೀನಿನಲ್ಲಿ ಹಗಲು ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿ ಶಾಲೆ. ನಿಮ್ಮಲ್ಲಿ ಎಷ್ಟೋ ಹಿರಿಯರು ಇದೇ ದಾರಿಯಲ್ಲಿ ಬಂದವರು, ವಿವರಿಸಿ ಹೇಳಬೇಕಿಲ್ಲ. ನಮಗೆ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು ಹಗಲು ಬ್ಯಾಂಕಿನಲ್ಲಿ ಕ್ಲಾರ್ಕ್. ಒಂದು ರಾತ್ರಿ ಅವರು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಯಾವುದೋ ವರ್ಕ್‌ಶಾಪಿನಿಂದ ಕೇಳಿ ತಂದ, ಅರದಿಂದ ಉಜ್ಜಿದ ಕಬ್ಬಿಣದ ಪುಡಿ. ಬೆಂಚಿನ ಮೇಲೆ ಅಯಸ್ಕಾಂತ ಇಟ್ಟು, ಅದರ ಮೇಲೆ ಬಿಳಿ ಕಾಗದ ಹರಡಿ, ಪುಡಿ ಉದುರಿಸಿ, ಬೆರಳಿನಿಂದ ಕಾಗದವನ್ನು ಮೆಲ್ಲಗೆ ತಟ್ಟಿದರು.

ಪುಡಿ ಎದ್ದು ಸಾಲಾಗಿ ನಿಂತಿತು. ಒಂದು ತುದಿಯಿಂದ ಹೊರಟು ಬಳಸಿಕೊಂಡು ಇನ್ನೊಂದು ತುದಿಗೆ ಹೋಗುವ ಗೆರೆಗಳು. ಟ್ಯೂಬ್‌ಲೈಟಿನ ಕೆಳಗೆ ನಾವು ಇಪ್ಪತ್ತು ಹುಡುಗರು, ಮೈಯಲ್ಲಿ ಇನ್ನೂ ಕ್ಯಾಂಟೀನಿನ ವಾಸನೆ, ತಲೆಗೆ ತಲೆ ತಾಗಿಸಿ ನೋಡಿದೆವು. ದಿನವಿಡೀ ನಿಂತು ಕಾಲು ಸೋತಿದ್ದರೂ ಆವತ್ತು ಒಬ್ಬನೂ ತೂಕಡಿಸಲಿಲ್ಲ. ಕಾಣದೇ ಇರುವ ಒಂದು ಶಕ್ತಿ ಆ ಬೆಂಚಿನ ಮೇಲೆ ಮೊದಲೇ ಇತ್ತು, ಪುಡಿ ಬರೀ ಅದನ್ನು ತೋರಿಸಿಕೊಟ್ಟಿತು ಅಂತ ಮೇಷ್ಟ್ರು ಕನ್ನಡದಲ್ಲಿ ಹೇಳಿದರು. ನಾನು ಮುಂದೆ ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕಿದ್ದು ಆ ರಾತ್ರಿಯ ಕಾರಣಕ್ಕೆ. ಹತ್ತನೇ ತರಗತಿಯ ಮೇಲೆ ನಾನು ಕಾಲೇಜು ಓದಿಲ್ಲ. ಕಲಿತ ಫಿಸಿಕ್ಸ್ ಎಲ್ಲ ಅಪರೇಟಸ್ ಜೋಡಿಸುತ್ತಾ, ಒಳ್ಳೆಯ ಸರ್, ಮೇಡಮ್‌ಗಳ ಮಾತು ಕೇಳುತ್ತಾ, ರಾತ್ರಿ ಪುಸ್ತಕ ಓದುತ್ತಾ ಕಲಿತದ್ದು.

ಅಂಥ ಶಾಲೆಗಳನ್ನು ನಡೆಸಿದ್ದು ನಮ್ಮವರೇ. ದಿನದ ದುಡಿಮೆ ಮುಗಿಸಿ ಬಂದು ಪಾಠ ಮಾಡಿದ್ದೂ ನಮ್ಮವರೇ.

ಇವತ್ತು ನಮ್ಮ ಸಂಘಗಳಿಗೆ ಒಳ್ಳೆಯ ಹಾಲ್ ಇದೆ, ಕೆಲವಕ್ಕೆ ಸ್ವಂತ ಕಟ್ಟಡವೇ ಇದೆ. ಮಳೆಗಾಲದಲ್ಲಿ ಊರಿನ ಮೇಳಗಳು ಬಂದರೆ ಯಕ್ಷಗಾನ, ತಾಳಮದ್ದಳೆ. ಜೊತೆಗೆ ತುಳುವರ ಆಟಿಡೊಂಜಿ ದಿನ, ಜನವರಿಯಲ್ಲಿ ಅರಸಿನ ಕುಂಕುಮ, ವರ್ಷಕ್ಕೊಮ್ಮೆ ವಾರ್ಷಿಕೋತ್ಸವ. ಇವೆಲ್ಲ ಇರಬೇಕು, ನಾನೂ ಮುಂದಿನ ಸಾಲಿನಲ್ಲಿ ಕೂತು ನೋಡುವವನು. ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತೀರಿ, ಜಾಸ್ತಿ ಅಂಕ ಬಂದವರನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತೀರಿ. ದೊಡ್ಡ ಕೆಲಸ ಅದು. ಆದರೆ ಫಲಿತಾಂಶ ಬಂದ ಮೇಲೆ ನಾವು ಆ ಮಗುವನ್ನು ಭೇಟಿ ಮಾಡುತ್ತೇವೆ. ಅದಕ್ಕಿಂತ ಎರಡು ವರ್ಷ ಮೊದಲು ಅದು ಒಂಟಿಯಾಗಿ ಒದ್ದಾಡುವಾಗ ನಾವು ಎಲ್ಲಿದ್ದೆವು? ಈ ಪ್ರಶ್ನೆ ನನಗೂ ಸೇರಿ.

ನಾನು ಕೇಳುವುದು ಇಷ್ಟು. ಹಾಲ್‌ನ ಒಂದು ಮೂಲೆಯಲ್ಲಿ ಬೀಗ ಇರುವ ಒಂದು ಕಪಾಟು. ಭಾನುವಾರ ಬೆಳಿಗ್ಗೆ ಮೂರು ಗಂಟೆ ಆ ಹಾಲ್ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ.

ಕಪಾಟಿನೊಳಗೆ ಏನಿರಬೇಕು ಅಂತಲೂ ಹೇಳಿಬಿಡುತ್ತೇನೆ. ವರ್ನಿಯರ್ ಕ್ಯಾಲಿಪರ್, ಸ್ಕ್ರೂ ಗೇಜ್ ನಾಲ್ಕು ನಾಲ್ಕು. ಎರಡು ಮೀಟರ್ ಬ್ರಿಜ್, ಗ್ಯಾಲ್ವನೋಮೀಟರ್, ರೆಸಿಸ್ಟೆನ್ಸ್ ಬಾಕ್ಸ್, ಸೆಲ್ಲುಗಳು, ಒಂದೆರಡು ಮಲ್ಟಿಮೀಟರ್. ಒಂದು ಸೋನೋಮೀಟರ್, ಟ್ಯೂನಿಂಗ್ ಫೋರ್ಕ್‌ಗಳು. ಲೆನ್ಸ್, ಪ್ರಿಸಂ, ಗಾಜಿನ ಸ್ಲ್ಯಾಬ್. ಬಾರ್ ಮ್ಯಾಗ್ನೆಟ್, ತಾಮ್ರದ ತಂತಿಯ ಸುರುಳಿ, ಒಂದು ಪೊಟ್ಟಣ ಕಬ್ಬಿಣದ ಪುಡಿ. ಒಂದು ವಾರ್ಷಿಕೋತ್ಸವದ ಊಟದ ಖರ್ಚಿನ ಒಳಗೆ ಇದೆಲ್ಲ ಬರುತ್ತದೆ. ಹಳೇ ಅಪರೇಟಸ್ ಯಾರಾದರೂ ಗುಜರಿಗೆ ಹಾಕುವುದಿದ್ದರೆ ನನಗೆ ತಿಳಿಸಿ, ಬಹಳಷ್ಟನ್ನು ಸರಿಮಾಡಿ ಕೊಡಬಲ್ಲೆ.

ಬಹಳಷ್ಟು ಪ್ರಯೋಗಗಳಿಗೆ ಕಪಾಟೂ ಬೇಕಿಲ್ಲ. ಕಳೆದ ಮೇ ತಿಂಗಳಲ್ಲಿ ನಮ್ಮ ಬಿಲ್ಡಿಂಗಿನ ಇಬ್ಬರು ಮಕ್ಕಳಿಗೆ ನಮ್ಮ ಬಾಲ್ಕನಿಯ ಗ್ರಿಲ್‌ಗೆ ದಾರ ಕಟ್ಟಿ, ತುದಿಗೆ ಒಂದು ಕಬ್ಬಿಣದ ನಟ್ ಕಟ್ಟಿ ಲೋಲಕ ಮಾಡಿಕೊಟ್ಟೆ. ಗಂಟಿನಿಂದ ನಟ್‌ನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್. ಸ್ವಲ್ಪವೇ ಎಳೆದು ಬಿಡಿ, 20 ಸಲ ಹೋಗಿ ಬರಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ ಅಂದೆ. 38 ಸೆಕೆಂಡಿಗೆ ಸ್ವಲ್ಪ ಮೇಲೆ ಬಂತು. ಲೆಕ್ಕ ಹಾಕಿದರೆ ಗುರುತ್ವದ ಬೆಲೆ 10.86. ಪುಸ್ತಕದಲ್ಲಿ 9.8. "ಅಂಕಲ್, ನಮ್ಮ ನಟ್ ಸರಿ ಇಲ್ಲ" ಅಂದರು. ನಾನು ಉತ್ತರ ಹೇಳಲಿಲ್ಲ. ಮತ್ತೆ ಮಾಡಿ ಅಂದೆ. ಅದೇ ಬಂತು. ಮೂರನೇ ಸಲ ಹುಡುಗ ಎಣಿಸುತ್ತಿದ್ದಾಗ ಅವನ ತಂಗಿ ತಡೆದಳು. "ನೀನು ಬಿಡುವಾಗ್ಲೇ ಒಂದು ಅಂತಿದ್ದೀಯ. ಆಗ ಇನ್ನೂ ಒಂದು ಸಲವೂ ಹೋಗಿ ಬಂದಿಲ್ಲ ಅಲ್ವಾ?"

ಅಷ್ಟೇ ತಪ್ಪು. ಬಿಡುವಾಗ ಸೊನ್ನೆ ಅನ್ನಬೇಕು. ಅವರು 19 ಸಲವನ್ನು 20 ಅಂತ ಎಣಿಸಿದ್ದರು. ಸೊನ್ನೆಯಿಂದ ಎಣಿಸಿದಾಗ 40 ಸೆಕೆಂಡಿನ ಹತ್ತಿರ ಬಂತು, ಬೆಲೆ 9.8ರ ಹತ್ತಿರ. ಆ ಇಬ್ಬರೂ ಕುಣಿದುಬಿಟ್ಟರು. ಭೂಮಿ ಆ ನಟ್ಟನ್ನು ಎಳೆಯುವುದನ್ನು ಅವರು ಡೊಂಬಿವಲಿಯ ಬಾಲ್ಕನಿಯಲ್ಲಿ ಒಂದು ದಾರದಿಂದ ಅಳೆದಿದ್ದರು. ಆಮೇಲೆ ಹುಡುಗ ತಾನಾಗಿಯೇ ಕೇಳಿದ, ಊರಿನಲ್ಲಿ ಮಾಡಿದರೂ ಇಷ್ಟೇ ಬರುತ್ತದಾ ಅಂತ. ಭೂಮಧ್ಯರೇಖೆಯಲ್ಲಿ 9.78, ಧ್ರುವದಲ್ಲಿ 9.83, ನಮ್ಮ ಮುಂಬಯಿಯಲ್ಲಿ ಸುಮಾರು 9.79 ಅಂತ ಹೇಳಿದೆ. ಆ ಸಣ್ಣ ವ್ಯತ್ಯಾಸ ನಮ್ಮ ದಾರದಲ್ಲಿ ಸಿಗುವುದಿಲ್ಲ ಅಂತಲೂ ಹೇಳಿದೆ. ಯಾಕೆ ಸಿಗುವುದಿಲ್ಲ ಅಂತ ಅವನು ಈಗಲೂ ಲೆಕ್ಕ ಹಾಕುತ್ತಿದ್ದಾನೆ.

ನಮ್ಮ ಮಕ್ಕಳು ದಿನಾ ಓಡಾಡುವ ಲೋಕಲ್ ಟ್ರೇನನ್ನೇ ತಗೊಳ್ಳಿ. 1925ರಲ್ಲಿ ಬೋರಿಬಂದರಿನಿಂದ (ಈಗಿನ ಸಿಎಸ್‌ಎಂಟಿ ಸ್ಟೇಷನ್) ಕುರ್ಲಾಕ್ಕೆ ಮೊದಲ ಕರೆಂಟ್ ರೈಲು ಓಡಿದ್ದು 1,500 ವೋಲ್ಟ್ ಡಿಸಿಯಲ್ಲಿ. ಈಗ ತಲೆಯ ಮೇಲಿನ ತಂತಿಯಲ್ಲಿ ಇರುವುದು 25,000 ವೋಲ್ಟ್ ಎಸಿ. ಹಾರ್ಬರ್ ಲೈನ್ ಕೊನೆಗೆ, 2016ರಲ್ಲಿ ಬದಲಾಯಿತು. ಯಾಕೆ ಬದಲಾಯಿಸಿದರು? ವೋಲ್ಟೇಜು ಸುಮಾರು 17 ಪಟ್ಟು ಹೆಚ್ಚಾದರೆ ಅಷ್ಟೇ ಪವರ್‌ಗೆ ಕರೆಂಟು 17ರಲ್ಲಿ ಒಂದು ಪಾಲು ಸಾಕು. ತಂತಿ ಬಿಸಿಯಾಗಿ ಹಾಳಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಅದೇ ತಂತಿಯಾದರೆ 278ರಲ್ಲಿ ಒಂದು ಪಾಲಿಗೆ. ಅಷ್ಟು ವೋಲ್ಟೇಜನ್ನು ರೈಲಿನೊಳಗೆ ಇಳಿಸುವುದು ಟ್ರಾನ್ಸ್‌ಫಾರ್ಮರ್. ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಟ್ರಾನ್ಸ್‌ಫಾರ್ಮರ್ ಪಾಠ ಬಾಯಿಪಾಠ ಮಾಡುವ ಹುಡುಗಿಯರನ್ನು ನೋಡುತ್ತೇನೆ. ಆ ಟ್ರಾನ್ಸ್‌ಫಾರ್ಮರ್ ಅದೇ ರೈಲಿನಲ್ಲಿ ಅವಳ ಜೊತೆಗೇ ಪ್ರಯಾಣ ಮಾಡುತ್ತಿದೆ ಅಂತ ಅವಳಿಗೆ ಯಾರೂ ಹೇಳಿಲ್ಲ. ಸಂಘದ ಹಾಲ್‌ನಲ್ಲಿ ಎರಡು ಸುರುಳಿ ತಂತಿ, ಒಂದು ಕಬ್ಬಿಣದ ಸರಳು, ಒಂದು ಸಣ್ಣ ಬಲ್ಬು, ಕಡಿಮೆ ವೋಲ್ಟೇಜಿನ ಎಸಿ ಸಪ್ಲೈ ಇದ್ದರೆ ತೋರಿಸಬಹುದು.

ಕಲಿಸುವವರು ಯಾರು ಅಂತ ಕೇಳುತ್ತೀರಿ. ನಿಮ್ಮ ಸದಸ್ಯರ ಪಟ್ಟಿಯನ್ನೇ ತೆಗೆದು ನೋಡಿ. ಟ್ರಾಂಬೆಯ ಭಾಭಾ ಅಣುಸಂಶೋಧನಾ ಕೇಂದ್ರದಲ್ಲಿ ದುಡಿದು ಚೆಂಬೂರು, ವಾಶಿ ಕಡೆ ನೆಲೆಸಿದ ನಮ್ಮವರಿದ್ದಾರೆ. ರೈಲ್ವೆಯ ಇಲೆಕ್ಟ್ರಿಕಲ್ ವಿಭಾಗದಿಂದ, ಟೆಲಿಫೋನಿನಿಂದ ನಿವೃತ್ತರಾದವರಿದ್ದಾರೆ. ತುಮಕೂರು ಕಡೆಯಿಂದ ಬಂದ ರಾಜಾ ರಾಮಣ್ಣ ಅದೇ ಟ್ರಾಂಬೆಯಲ್ಲಿ ಕೆಲಸ ಮಾಡಿದವರು, ಆಮೇಲೆ ಅದರ ನಿರ್ದೇಶಕರೂ ಆದವರು. ಏಷ್ಯಾದ ಮೊದಲ ಅಣು ರಿಯಾಕ್ಟರ್ ಅಪ್ಸರಾ 1956ರಲ್ಲಿ ಶುರುವಾದದ್ದು ಅಲ್ಲೇ. ಅಷ್ಟು ದೊಡ್ಡ ಹೆಸರೇ ಬೇಕಂತಿಲ್ಲ. ಫ್ಯೂಸ್ ಕಟ್ಟಲು ಬರುವ, ಮಗುವಿನ ಪ್ರಶ್ನೆಗೆ ಸಿಟ್ಟಾಗದ ಒಬ್ಬರು ಸಾಕು. ಕನ್ನಡದಲ್ಲಿ ಮಾತಾಡಬೇಕು. ಇಂಗ್ಲಿಷ್ ಪದ ಬರಲಿ, ಪರೀಕ್ಷೆಗೆ ಅದು ಬೇಕು, ವಿವರಣೆ ಮಾತ್ರ ಮನೆಮಾತಿನಲ್ಲಿ ಇರಲಿ.

ಒಂದು ವಿನಂತಿ. ದಯವಿಟ್ಟು ಇದನ್ನು ಇನ್ನೊಂದು ಕೋಚಿಂಗ್ ಕ್ಲಾಸ್ ಮಾಡಬೇಡಿ. ಟೆಸ್ಟ್ ಬೇಡ, ರ‍್ಯಾಂಕ್ ಬೇಡ, ನೋಟ್ಸ್ ಝೆರಾಕ್ಸ್ ಬೇಡ. ಸಿಇಟಿಗೆ ಇದರಿಂದ ಏನು ಉಪಯೋಗ ಅಂತ ಕೇಳುವ ತಂದೆತಾಯಿಗೆ ಒಂದು ಮಾತು ಹೇಳಿ. ಅಂತರರಾಷ್ಟ್ರೀಯ ಫಿಸಿಕ್ಸ್ ಒಲಿಂಪಿಯಾಡ್ 2015ರಲ್ಲಿ ನಮ್ಮ ಮುಂಬಯಿಯಲ್ಲೇ ನಡೆಯಿತು, ನಡೆಸಿದ್ದು ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಆ ಸ್ಪರ್ಧೆಯ 50 ಅಂಕದಲ್ಲಿ 20 ಅಂಕ ಪ್ರಯೋಗಕ್ಕೆ, ಅದಕ್ಕೆ ಪೂರ್ತಿ ಐದು ಗಂಟೆ ಸಮಯ. ಜಗತ್ತಿನ ಅತ್ಯುತ್ತಮ ಮಕ್ಕಳನ್ನು ಅಳೆಯುವವರು ಮಕ್ಕಳ ಕೈಗೆ ಅಪರೇಟಸ್ ಕೊಡುತ್ತಾರೆ. ನಾವು ಯಾಕೆ ಕೊಡಬಾರದು?

ಒಂದು ಪ್ರಾಯೋಗಿಕ ಮಾತು. ಭಾನುವಾರ ಮೆಗಾ ಬ್ಲಾಕ್ ಇರುತ್ತದೆ, ಹಳಿ ರಿಪೇರಿಗೆ ಲೋಕಲ್ ಟ್ರೇನುಗಳು ಕಡಿಮೆ. ಮಗು ಡೊಂಬಿವಲಿಯಿಂದ ಮಾಟುಂಗಕ್ಕೆ ಬರಲಿ ಅಂದರೆ ಆಗುವುದಿಲ್ಲ, ತಾಯಂದಿರು ಕಳಿಸುವುದೂ ಇಲ್ಲ. ಮೀರಾರೋಡ್, ಮುಲುಂಡ್, ಥಾಣೆ, ನೆರೂಲ್, ಡೊಂಬಿವಲಿ, ಎಲ್ಲಿ ಹಾಲ್ ಇದೆಯೋ ಅಲ್ಲೇ ಒಂದೊಂದು ಕಪಾಟು ಇರಲಿ. ಶುರುವಿಗೆ ಒಂದೇ ಸಂಘ ಮುಂದೆ ಬಂದರೂ ಸಾಕು. ಐದು ಮಕ್ಕಳು ಬಂದರೂ ಸಾಕು. ಕನ್ನಡ ಶಾಲೆಯಿಂದ ಈ ವರ್ಷ ಹತ್ತನೇ ತರಗತಿ ಪಾಸಾಗಿ ಸೈನ್ಸ್ ತಗೊಂಡ ಮಕ್ಕಳ ಮನೆಗೆ ಮೊದಲು ಫೋನ್ ಹೋಗಲಿ.

ನನ್ನ ಹತ್ತಿರ ಈಗಲೇ ಒಂದು ಮೀಟರ್ ಬ್ರಿಜ್ ಇದೆ. ಹಲಗೆ ಹಳೆಯದು, ತಂತಿ ಹೊಸದು ಹಾಕಿದ್ದೇನೆ, ನೂರು ಸೆಂಟಿಮೀಟರ್ ಸರಿಯಾಗಿದೆ. ಗ್ಯಾಲ್ವನೋಮೀಟರ್ ಒಂದಿದೆ, ಮುಳ್ಳು ಚೆನ್ನಾಗಿ ಆಡುತ್ತದೆ. ಯಾವ ಸಂಘ ಕರೆದರೂ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ. ಅಲ್ಲಾಡದ ಒಂದು ಮೇಜು ಹಾಕಿಸಿಡಿ. ಕಿಟಕಿಯ ಹತ್ತಿರ ಹಾಕಿಸಿದರೆ ಒಳ್ಳೆಯದು, ಪ್ರಿಸಂಗೆ ಬಿಸಿಲು ಬೇಕಾಗುತ್ತದೆ.

ನಿಮ್ಮವ,
ಒಬ್ಬ ನಿವೃತ್ತ ಲ್ಯಾಬ್ ಅಸಿಸ್ಟೆಂಟ್
ಡೊಂಬಿವಲಿ